ಬಾಯವ್ವ ಒಡೆದ ಹಸಿರು ಬಳೆ

ಮುನವಳ್ಳಿಯಲ್ಲಿ ಬಾಯವ್ವನಿಂದ ಬಳೆ ಇಡಿಸಿಕೊಳ್ಳದ ಹೆಣ್ಣುಮಕ್ಕಳು ಕಡಿಮೆ. ಮೂವತ್ತು ವರ್ಷ ಬಳೆಯ ಮಲಾರ ಹೊತ್ತು ಅವಳ ಎಡ ಹೆಗಲು ಇಳಿಬಿದ್ದಿತ್ತು, ಮೊಳಕಾಲು ಸವೆದಿತ್ತು. ಕಟ್ಟೆ ಕಂಡಲ್ಲೆಲ್ಲ ಕೂತುಬಿಡಬೇಕು ಅನಿಸುತ್ತಿತ್ತು. ಕೂತರೆ ಮತ್ತೆ ಏಳಬೇಕಲ್ಲ ಎಂಬ ಬೇಸರಕ್ಕೇ ಕೂರುತ್ತಿರಲಿಲ್ಲ.

ಬಸುರಿಯರ ಕೈ ಅವಳಿಗೆ ಬಾಯಿಪಾಠ. ಏಳು ತಿಂಗಳಿಗೆ ಸೀಮಂತ ಮಾಡಿ ಕುಬಸದ ಹಸಿರು ಬಳೆ ಇಡುವಾಗ, ಮುಂದೆ ಕೈ ದಪ್ಪಗಾದೀತೆಂದು ಒಂದು ಅಳತೆ ದೊಡ್ಡದನ್ನೇ ಇಡುತ್ತಿದ್ದಳು. ಆ ಬಳೆಯನ್ನು ಹೆರಿಗೆಯಾಗುವ ತನಕ ತೆಗೆಯುವಂತಿಲ್ಲ. ತಾನಾಗಿ ಒಂದು ಒಡೆದರೂ ಮನೆಮಂದಿಯ ಮುಖ ಸಪ್ಪಗಾಗುತ್ತದೆ. ದಿನ ತುಂಬುತ್ತ ಬಂದಂತೆ ಸೊಂಟನೋವು, ಎದೆಯುರಿ, ನಾಲ್ಕು ಹೆಜ್ಜೆಗೆ ಏದುಸಿರು, ಸಂಜೆಗೆ ಪಾದ ಬಾವು, ಇವೆಲ್ಲ ಇದ್ದದ್ದೇ. ಅದಕ್ಕೆಲ್ಲ ಬಾಯವ್ವ ಯಾರನ್ನೂ ಹೆದರಿಸಿದವಳಲ್ಲ. ಆದರೆ 'ಕೈ ಚಲೋ ತುಂಬ್ಯಾವ' ಎಂಬ ಮಾತನ್ನು ಮಾತ್ರ ಒಂಬತ್ತು ವರ್ಷದಿಂದ ಯಾವ ಬಸುರಿಗೂ ಅಂದಿರಲಿಲ್ಲ. ಬಳೆ ಮಾರುವವರೆಲ್ಲ ಆಡುವ ಮಾತು ಅದು, ಕೇಳಿದವರೂ ಹಿಗ್ಗುತ್ತಿದ್ದರು.

ತೊಂಬತ್ತೊಂಬತ್ತರ ಬೇಸಗೆ. ಕಾಳಿನ ವ್ಯಾಪಾರಿ ನಿಜಗುಣಪ್ಪನ ಮಗಳು ಶೈಲಜಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಏಳನೇ ತಿಂಗಳಲ್ಲಿ ಅವಳಿಗೆ ಕುಬಸದ ಬಳೆ ಇಟ್ಟವಳು ಬಾಯವ್ವನೇ. ಒಂದು ಮಧ್ಯಾಹ್ನ ನೀರು ಕುಡಿಯಲೆಂದು ಅವರ ಪಡಸಾಲೆ ಹತ್ತಿದಾಗ, ಶೈಲಜಾಳ ತಾಯಿ ಸಿದ್ದಲಿಂಗವ್ವ ತಂಬಿಗೆ ಕೊಡುವ ಮೊದಲೇ ಮಗಳನ್ನು ತೋರಿಸಿದಳು.

"ನೋಡ ಬಾಯವ್ವ, ಎರಡ ತಿಂಗಳದಾಗ ನನ್ನ ಮಗಳು ಹೆಂಗ ತುಂಬ್ಯಾಳ! ಬೀಗರು ಬಂದ್ರ ಗುರ್ತ ಹಿಡಿಯೂದಿಲ್ಲ."

ಹುಡುಗಿ ಗೋಡೆಗೆ ಆತು ಕುಳಿತಿದ್ದಳು. ಮುಖ ಊದಿ ಕಣ್ಣು ಸಣ್ಣಗಾಗಿದ್ದವು. "ಎರಡ ದಿನಾತು, ತಲಿ ಸಿಡ್ಯಾಕ ಹತ್ತೈತಿ. ಎಲ್ಲಾ ಮಬ್ಬ ಮಬ್ಬ ಕಾಣಾಕ ಹತ್ತೈತಿ" ಅಂದಳು.

"ಬಿಸಲ ಝಳಕ್ಕ ಅದು. ದಿನಾ ತುಂಬಿದಾಗ ಹಂಗ" ಎಂದು ಸಿದ್ದಲಿಂಗವ್ವ ಬೀಸಣಿಗೆ ಬೀಸಿದಳು.

ಬಾಯವ್ವ ಹುಡುಗಿಯ ಕೈ ಹಿಡಿದಳು. ಅಂದು ಮೊಳಕೈತನಕ ಜಾರುತ್ತಿದ್ದ ಬಳೆಗಳು ಈಗ ಮಾಂಸದಲ್ಲಿ ಹೂತಿದ್ದವು. ಹೆಬ್ಬೆರಳಿನಿಂದ ಒತ್ತಿದರೆ ಬಿದ್ದ ಕುಳಿ ಏಳಲೇ ಇಲ್ಲ.

ಒಂಬತ್ತು ವರ್ಷದ ಹಿಂದೆ, ಸಾಲಹಳ್ಳಿಗೆ ಕೊಟ್ಟಿದ್ದ ಬಾಯವ್ವನ ಮಗಳು ಸೋಮವ್ವ ಬಸುರಿಯಾಗಿದ್ದಾಗ ಅವಳ ಕೈಯೂ ಹೀಗೇ ಇತ್ತು. ತವರಿಗೆ ಬಂದ ಮಗಳ ಕೈ ಸವರಿ, "ಚಲೋ ತುಂಬ್ಯಾವ" ಎಂದು ಬಾಯವ್ವನೇ ದೃಷ್ಟಿ ತೆಗೆದಿದ್ದಳು. ಮೂರನೆಯ ದಿನ ಸೋಮವ್ವನಿಗೆ ಕೈಕಾಲು ಸೆಟೆದು ಸೆಟವು ಬಂತು. ಚಕ್ಕಡಿ ಹೂಡುವುದರೊಳಗೆ ಎಲ್ಲ ಮುಗಿದಿತ್ತು.

"ಅವ್ವಾರ, ಇದು ತುಂಬೂದಲ್ಲರಿ, ಬಾವು. ಈಗಿಂದೀಗ ಸವದತ್ತಿ ದವಾಖಾನಿಗೆ ಕರಕೊಂಡ ಹೋಗ್ರಿ" ಎಂದಳು ಬಾಯವ್ವ.

"ಇನ್ನಾ ಬ್ಯಾನಿ ಬಂದಿಲ್ಲ, ಏನಂತ ಹೋಗೂದು? ನೀ ಬಳಿ ಮಾರಾಕಿ, ಡಾಕ್ಟರ ಕೆಲಸಾ ನಿನಗ್ಯಾಕ? ಹುಣ್ಣಿವಿ ಮುಗೀಲಿ, ನೋಡೂಣು."

ಹುಣ್ಣಿಮೆಗೆ ಮೂರು ದಿನವಿತ್ತು. ವಾದ ಮಾಡುವ ಕಸುವು ಬಾಯವ್ವನಿಗೆ ಇರಲಿಲ್ಲ. ಬಳೆ ಹೋದರೆ ಬಾವು ಎಲ್ಲರ ಕಣ್ಣಿಗೂ ಬಿದ್ದೀತು ಎಂದು ಎಲೆಯಡಿಕೆಯ ತಟ್ಟೆಯಲ್ಲಿದ್ದ ಅಡಕೊತ್ತು ತೆಗೆದುಕೊಂಡಳು. ಹುಡುಗಿಯ ಕೈಮೇಲೆ ತನ್ನ ಸೆರಗು ಹೊದಿಸಿ ಒಂದೊಂದೇ ಬಳೆಯನ್ನು ಹಿಡಿದು ಒಡೆದಳು. ಕುಬಸದ ಬಳೆ!

ಸಿದ್ದಲಿಂಗವ್ವನ ಕೂಗು ಓಣಿಗೆಲ್ಲ ಕೇಳಿತು. "ರಂಡಿ, ನನ್ನ ಮಗಳ ಮುತ್ತೈದಿತನಾ ಒಡದಿ!" ಎನ್ನುತ್ತ ಬೀಸಣಿಗೆಯಿಂದಲೇ ಹೊಡೆದಳು. ಬಾಯವ್ವ ಕೈ ಅಡ್ಡ ಹಿಡಿಯಲಿಲ್ಲ. ಪಕ್ಕದ ಅಂಗಡಿಯಿಂದ ನಿಜಗುಣಪ್ಪ ಓಡಿ ಬಂದ.

"ಹೊಡೀಲಿ ಬಿಡ್ರಿ ಅಪ್ಪಾರ. ನೀವು ಕೈ ನೋಡ್ರಿ" ಅಂದಳು ಬಾಯವ್ವ.

ಬಳೆ ಹೋದ ಮೇಲೂ ಮಣಿಕಟ್ಟಿನ ಸುತ್ತ ಅವುಗಳ ಗೀರು ಹಾಗೇ ನಿಂತಿದ್ದವು, ನೇಗಿಲ ಸಾಲಿನಂತೆ. ನಿಜಗುಣಪ್ಪ ಅದನ್ನು ನೋಡಿದ, ಮಗಳ ಮುಖ ನೋಡಿದ. ಸವದತ್ತಿಗೆ ಹೋಗಲು ಬಾಡಿಗೆ ಟ್ರ್ಯಾಕ್ಸ್ ಗಾಡಿ ಕರೆಸಿದ.

ಎಲ್ಲರೂ ಹೊರಟ ಮೇಲೆ ಬಾಯವ್ವ ಪಡಸಾಲೆಯಲ್ಲಿ ಹಸಿರು ಚೂರುಗಳನ್ನು ಆರಿಸುತ್ತ ಕುಳಿತಳು. ತಾನೇನಾದರೂ ತಪ್ಪಿದ್ದರೆ ಈ ಊರಲ್ಲಿ ಇನ್ನು ಬದುಕಿಲ್ಲ ಎಂದು ಗೊತ್ತಿತ್ತು. ಆದರೂ ತನ್ನ ಊಹೆ ತಪ್ಪಿರಲಿ ಎಂದೇ ಬೇಡಿಕೊಂಡಳು.

ತಪ್ಪಿರಲಿಲ್ಲ. ರಕ್ತದೊತ್ತಡ ವಿಪರೀತ ಏರಿತ್ತಂತೆ. ಆಪರೇಷನ್ ಮಾಡಿ ಸಂಜೆಗೇ ಹೆಣ್ಣುಮಗುವನ್ನು ತೆಗೆದರು. ಎರಡೂ ಜೀವ ಉಳಿದವು. ಆದರೂ ಕುಬಸದ ಬಳೆ ಒಡೆದ ಕೈ ಎಂದು ಓಣಿಯ ನಾಲ್ಕು ಮನೆಯವರು ಬಾಯವ್ವನನ್ನು ಕರೆಯುವುದನ್ನು ಬಿಟ್ಟರು. ಅವಳು ಯಾರಿಗೂ ಸಮಜಾಯಿಷಿ ಹೇಳಲಿಲ್ಲ, ದಣಿದಿದ್ದಳು.

ತಿಂಗಳೊಪ್ಪತ್ತು ಕಳೆದು ಸಿದ್ದಲಿಂಗವ್ವನೇ ಕರೆಸಿದಳು, ಬಾಣಂತಿಗೆ ಬಳೆ ಇಡಲು. ಈ ಸಲ ತಂಬಿಗೆ ಕೊಟ್ಟು, ಕುಡಿದು ಮುಗಿಸುವ ತನಕ ಎದುರಿಗೇ ನಿಂತಳು.

"ನಿನಗ ಹೆಂಗ ತಿಳೀತ ಬಾಯವ್ವ?"

"ನನ್ನ ಮಗಳ ಕೈ ಹಿಡದಾಗ ತಿಳೀಲಿಲ್ಲರಿ ಅವ್ವಾರ. ಅದಕ್ಕ ತಿಳೀತ."

ಸಿದ್ದಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶೈಲಜಾ ಕೈ ಚಾಚಿದಳು. ಬಾವು ಇಳಿದು ಎಲುಬು ಕಾಣುತ್ತಿದ್ದವು. ಮೊದಲಿನ ಅಳತೆಯ ಬಳೆ ಇಟ್ಟರೆ ಸರ್ರನೆ ಜಾರಿ ಬಿತ್ತು.

"ಎಷ್ಟ್ ಸೊರಗ್ಯಾವ ನೋಡ ಕೈ" ಎಂದು ತಾಯಿ ಮರುಗಿದಳು.

ಬಾಯವ್ವ ಆ ಕೈಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡಿದ್ದಳು. ಆಮೇಲೆ ಮಲಾರ ಬಿಚ್ಚಿ ಸಣ್ಣ ಅಳತೆ ಹುಡುಕತೊಡಗಿದಳು.

"ಸೊರಗ್ಲಿ ಬಿಡ್ರಿ ಅವ್ವಾರ. ಸೊರಗಿದ ಕೈಗೆ ಬಳಿ ಅದಾವ ನನ್ನ ಹಂತ್ಯಾಕ."