ಹೊಸ್ತಿಲ ಮುಂದಿನ ಮೀನು

ಮೊಮ್ಮಗಳು ಮೇಣದ ಬಣ್ಣದ ಡಬ್ಬಿ ತೆರೆದಳು, ನೋಡಿ. ಆ ವಾಸನೆಗೆ ನಾನು ಬೋಡಕ್‌ದೇವ್‌ನ ಈ ಫ್ಲ್ಯಾಟಿನಿಂದ ಎದ್ದು ಎಪ್ಪತ್ತರ ದಶಕದ ಸೂರತ್ತಿಗೆ ಹೋಗಿಬಿಟ್ಟೆ. ಟಿಕೆಟ್ಟಿಲ್ಲದ ಪ್ರಯಾಣ ಈ ವಯಸ್ಸಿನಲ್ಲಿ ಬಲು ಸಲೀಸು.

ಅಲ್ಲಿ ಕೆಳಗೆ ಅಪ್ಪನ ಉಡುಪಿ ಹೋಟೆಲು, ಮಾಳಿಗೆಯಲ್ಲಿ ನಾವು, ನಮ್ಮೆದುರು ಬಾಗಿಲಲ್ಲಿ ಮನೆಯೊಡತಿ ಬಾನುಬಾಯಿ. ಪಾರ್ಸಿ ಮುದುಕಿ, ಒಂಟಿಜೀವ. ಒಂದು ಮಧ್ಯಾಹ್ನ, ತಾಪಿ ನದಿಯ ಗಾಳಿಗೆ ಬೀದಿಯೆಲ್ಲ ತೂಕಡಿಸುತ್ತಿದ್ದಾಗ, ನಾನು ಏಷ್ಯಾದ ನಕ್ಷೆಗೆ ಬಣ್ಣ ತುಂಬುತ್ತಿದ್ದೆ. ಯಾವ ದೇಶದಲ್ಲಿ ಯಾವ ಧರ್ಮದವರು ಹೆಚ್ಚೋ ಆ ಬಣ್ಣ ಎಂದು ಟೀಚರ ಅಪ್ಪಣೆ. ಚೀನಾಕ್ಕೆ ಏನು ಬಳಿಯಬೇಕೋ ತಿಳಿಯದೆ ಎಲ್ಲವನ್ನೂ ಬಳಿದು ಕೆಸರೆಬ್ಬಿಸಿದ್ದೆ.

ಬಾನುಬಾಯಿ ಬಗ್ಗಿ ನೋಡಿದರು. "ಏಮಾ ಹೂಂ ಕ್ಯಾಂ?" ಇದರಲ್ಲಿ ನಾನೆಲ್ಲಿ?

"ಜಾಸ್ತಿ ಜನ ಇದ್ದರೆ ಮಾತ್ರ ಬಣ್ಣ," ಎಂದೆ, ಸಾಕ್ಷಾತ್ ಟೀಚರ ಗತ್ತಿನಲ್ಲಿ.

ನಕ್ಕರು. ಆ ಬೀದಿಯಲ್ಲಿ ಉಳಿದ ಪಾರ್ಸಿ ಅವರೊಬ್ಬರೇ. ಅವರ ಬಳಿ ಒಂದು ತಗಡಿನ ಡಬ್ಬಿಯಿತ್ತು, ತಳದಲ್ಲಿ ತೂತುಗಳು. ಸುಣ್ಣದ ಪುಡಿ ತುಂಬಿ ಒತ್ತಿದರೆ ನೆಲದ ಮೇಲೆ ಮೀನು ಮೂಡುತ್ತಿತ್ತು. ದಿನವೂ ಬೆಳಿಗ್ಗೆ ಹೊಸ್ತಿಲ ಮುಂದೆ ಮೀನು. ಅದು ಅವರಲ್ಲಿ ಶುಭ. ಈಚೆಗೆ ಸೊಂಟ ಬಗ್ಗುತ್ತಿರಲಿಲ್ಲ. ಅಂದು ಸಂಜೆ ಅಮ್ಮನಿಗೆ ತಮ್ಮ ಗುಜರಾತಿ ಬೆರೆತ ಹಿಂದಿಯಲ್ಲಿ, ತಮ್ಮ ನಂತರ ಇದನ್ನು ಹಾಕುವವರು ಯಾರಿದ್ದಾರೆ ಎಂದು ಕೇಳಿದರು. ಆಗ ನಗಲಿಲ್ಲ.

ಅಮ್ಮ ಮಡಿ ಹೆಂಗಸು. ಈರುಳ್ಳಿಯನ್ನೂ ಅಡುಗೆಮನೆಗೆ ಬಿಟ್ಟವಳಲ್ಲ. ಮರುದಿನ ಸ್ನಾನ ಮುಗಿಸಿ, ಅವರ ಡಬ್ಬಿ ಇಸಿದುಕೊಂಡು, ಅವರ ಹೊಸ್ತಿಲಿಗೆ ಮೀನು ಒತ್ತಿದಳು. ಕೈಯಲ್ಲಿ ಪುಡಿ ಉಳಿದಿತ್ತೆಂದು ನಮ್ಮ ರಂಗೋಲಿಯ ಪಕ್ಕದಲ್ಲೂ ಒಂದು.

"ಎಂತದು ಮಾರಾಯ್ತಿ, ನಮ್ಮ ಬಾಗಿಲಲ್ಲಿ ಮೀನಾ?" ಅಪ್ಪ ಕಂಗಾಲು.

"ಪುಡಿಯ ಮೀನಿಗೆ ವಾಸನೆ ಉಂಟಾ? ನೀವು ದಾಟಿ ಬನ್ನಿ."

ಅಪ್ಪ ದಾಟಿದರು. ಬಾನುಬಾಯಿ ಇರುವ ತನಕ ಅವರ ಹೊಸ್ತಿಲು ಬರಿದಾಗಲಿಲ್ಲ. ಹೋಗುವ ಮುನ್ನ ಡಬ್ಬಿಯನ್ನು ಅಮ್ಮನ ಕೈಗಿಟ್ಟರು. ಹೋಟೆಲು ವಡೋದರಾದ ಮಕರಪುರಕ್ಕೆ ಬಂದಾಗ ಪಾತ್ರೆಗಳ ಜೊತೆ ಅದೂ ಬಂತು. ಅಮ್ಮ ಕಡೆಯವರೆಗೂ ಒತ್ತಿದಳು; ಈಗ ಈ ಫ್ಲ್ಯಾಟಿನ ಬಾಗಿಲಲ್ಲಿ ನಾನು. ಇಷ್ಟು ವರ್ಷ ಅಭ್ಯಾಸ ಎಂದೇ ತಿಳಿದಿದ್ದೆ.

ನೆನಪಿನಿಂದ ಎದ್ದು ಬಾಗಿಲಿಗೆ ಹೋದರೆ, ಎದುರು ಫ್ಲ್ಯಾಟಿಗೆ ಹೊಸದಾಗಿ ಬಂದ ಹುಡುಗಿ ನೆಲ ನೋಡುತ್ತ ನಿಂತಿದ್ದಾಳೆ.

"ಆಂಟಿ, ನೀವು ಪಾರ್ಸಿಗಳಾ?"

ಅಲ್ಲ ಎನ್ನಲು ಬಾಯಿ ತೆರೆದೆ.

"ನಮ್ಮ ಮನೆಯಲ್ಲಿ ಒಬ್ಬರಿದ್ದರಮ್ಮ," ಎಂದೆ.