ಕುಮಟಾದಲ್ಲಿ ಸಿಕ್ಕ ಚಪ್ಪಾಳೆ

ಕೊರೋನಾ ಕಳೆದು ಪ್ರೋಗ್ರಾಂಗಳು ಮತ್ತೆ ಶುರುವಾದ ಕಾಲ. ಆಗ ನಾನು ಭಟ್ಕಳ, ಹೊನ್ನಾವರ, ಕುಮಟಾ ಕಡೆ ಹೆಸರಿದ್ದ ಒಂದು ರಾಕ್ ಬ್ಯಾಂಡಿನ ಡ್ರಮ್ಮರ್. ಬೆಳಕೆ ಊರಿನ ಮೀನುಗಾರರ ಮನೆಯವನು; ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಸೈಡ್‌ಡ್ರಮ್ ಹೊಡೆದು ಕೈ ಪಳಗಿಸಿಕೊಂಡವನು. ಊರಿನಲ್ಲಿ ನಾಗೇಶ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಡ್ರಮ್ ನಾಗೇಶ ಎನ್ನಬೇಕು. ಡ್ರಮ್ಮಿನ ಹಿಂದಿನ ಆ ಸ್ಟೂಲನ್ನು ಯಾರಾದರೂ ಕಿತ್ತುಕೊಂಡರೆ ನನ್ನ ಹತ್ತಿರ ಬೇರೇನೂ ಉಳಿಯುವುದಿಲ್ಲ, ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಬ್ಯಾಂಡಿನ ಯಜಮಾನ ಹೊನ್ನಾವರದ ರೋಹಿದಾಸ. ಗಿಟಾರ್, ಹಾಡು ಎರಡೂ ಅವನದೇ. ಶಿರಾಲಿಯ ಮುಚ್ಚಿದ ಅಕ್ಕಿಗಿರಣಿಯಲ್ಲಿ ನಮ್ಮ ಪ್ರಾಕ್ಟೀಸು. ಅಲ್ಲಿ ನಮ್ಮಿಬ್ಬರ ಜಗಳ ಯಾವಾಗಲೂ ಒಂದೇ ವಿಷಯಕ್ಕೆ: ಕ್ಲಿಕ್. ಹಾಡಿನ ವೇಗ ತಪ್ಪದಿರಲೆಂದು ಡ್ರಮ್ಮರನ ಕಿವಿಗೆ ಮಾತ್ರ ಕೇಳುವಂತೆ ಯಂತ್ರ ಟಿಕ್ ಟಿಕ್ ಅನ್ನುತ್ತಿರುತ್ತದೆ, ಅದೇ ಕ್ಲಿಕ್. ಕೀಬೋರ್ಡು, ಕೋರಸ್ಸು ಎಲ್ಲ ಲ್ಯಾಪ್‌ಟಾಪಿನಿಂದ ಬರತೊಡಗಿದ ಮೇಲೆ ಅದಿಲ್ಲದೆ ಆಗುವುದಿಲ್ಲ. ನಾನು ಮಾತ್ರ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೆರವಣಿಗೆಯಲ್ಲಿ ಕುಣಿಯುವವನ ಕಾಲು ನೋಡಿ ಕೈ ಓಡಿಸಬೇಕು, ಜನ ರಂಗೇರಿದರೆ ವೇಗ ಏರಿಸಬೇಕು. ಬ್ಯಾಂಡ್‌ಸೆಟ್ಟಿನಲ್ಲಿ ನಾನು ಕಲಿತ ವಿದ್ಯೆ ಅದು.

"ನೀ ಓಡ್ತೆ, ಲ್ಯಾಪ್‌ಟಾಪ್ ಓಡೂದಿಲ್ಲ ಮಾರಾಯ," ಎನ್ನುತ್ತಿದ್ದ ರೋಹಿದಾಸ.

"ಟಿಕ್ ಟಿಕ್ ಕೇಳ್ಕಂಡು ಬಾರ್ಸುಕೆ ನಾ ಎಂತ ಗೋಡೆ ಗಡಿಯಾರನಾ?" ಎಂದು ನಾನು ಎಗರುತ್ತಿದ್ದೆ.

ಒಂದು ದಿನ ಜಗಳ ನಿಂತಿತು. ರೋಹಿದಾಸ ಎಲೆಕ್ಟ್ರಾನಿಕ್ ಡ್ರಮ್ ತಂದ. ಅದರಲ್ಲಿ ಇರುವುದು ಬರೀ ರಬ್ಬರ್ ಪ್ಯಾಡು. ಹೊಡೆದರೆ ಟಪ್ ಅನ್ನುತ್ತದೆ ಅಷ್ಟೆ, ನಿಜವಾದ ಸದ್ದು ವೈರಿನಲ್ಲಿ ಹೋಗಿ ಸ್ಪೀಕರಿನಿಂದ ಬರಬೇಕು. ಜೊತೆಗೆ ನನ್ನ ಬಡಿತ, ಉಳಿದವರ ಹಾಡು ಕೇಳಿಸಿ ಹೊರಗಿನ ಸದ್ದು ತಡೆಯುವ ಒಂದು ದಪ್ಪ ಹೆಡ್‌ಫೋನ್ ಕೊಟ್ಟು, "ಕ್ಲಿಕ್ ಬ್ಯಾಡ, ನಿನ್ನ ಕೈಗೇ ಬಿಟ್ಟೆ," ಎಂದ. ಗೆದ್ದೆ ಎಂದು ಬೀಗಿದೆ. ಆಮೇಲಿನ ಪ್ರೋಗ್ರಾಂಗಳಲ್ಲಿ ನಾನು ವೇಗ ಏರಿಸಿದಾಗೆಲ್ಲ ಉಳಿದವರು ಹಿಂದೆ ಬೀಳುತ್ತಿದ್ದರು. ಪಾಪ, ಇವರಿಗೆಲ್ಲ ವಯಸ್ಸಾಯಿತು ಎಂದುಕೊಂಡು ನಾನೇ ಹೊಂದಿಕೊಳ್ಳುತ್ತಿದ್ದೆ. ಎಂಥ ದೊಡ್ಡ ಮನಸ್ಸು ನನ್ನದು!

ಕುಮಟಾದಲ್ಲಿ ಒಂದು ಯುವಕ ಸಂಘದ ವಾರ್ಷಿಕೋತ್ಸವ. ಸಂಜೆಗೇ ಮೈದಾನ ತುಂಬಿತ್ತು. ಮೂರನೇ ಹಾಡಿನ ನಡುವೆ ನನ್ನ ಬಲಗೈಯ ಕೋಲು ಮುರಿದು ಹಾರಿತು. ಬೇರೆ ಕೋಲು ಹುಡುಕಲು ಬಗ್ಗಿದಾಗ ಹೆಡ್‌ಫೋನ್ ಜಾರಿ ಬಿತ್ತು. ಮೈದಾನದ ತುಂಬ ಡ್ರಮ್ ಕೇಳುತ್ತಿತ್ತು. ಒಂದು ಪೆಟ್ಟೂ ತಪ್ಪದೆ, ಒಂಚೂರೂ ಓಡದೆ. ಎರಡೂ ಕೈ ಮೇಲೆತ್ತಿ ಕೂತೆ. ಆಗಲೂ ಕೇಳುತ್ತಿತ್ತು. ರೋಹಿದಾಸ ತಿರುಗಿ ನೋಡಿದವನು ತಕ್ಷಣ ಮುಖ ಆ ಕಡೆ ಮಾಡಿಕೊಂಡ. ಉಳಿದ ಕೋಲನ್ನು ಎಸೆದು ಎದ್ದೆ.

ಮೆಟ್ಟಿಲಿಳಿದು ಮೈದಾನದ ನಡುವಿದ್ದ ಮಿಕ್ಸರಿನ ಹತ್ತಿರ ಹೋದೆ. ಸೌಂಡ್ ನೋಡಿಕೊಳ್ಳುತ್ತಿದ್ದವನು ಭಟ್ಕಳದ ಜಾವೇದ್.

"ಭಾಯ್, ನಂಗೆ ಬೈಬೇಡಿ. ನೀವು ಬಾರ್ಸಿದ್ದು ನಿಮ್ಮ ಹೆಡ್‌ಫೋನಿಗೆ ಮಾತ್ರ ಹೋಗ್ತದೆ. ಹೊರಗೆ ಬರೂದು ಲ್ಯಾಪ್‌ಟಾಪಿಂದು," ಎಂದ.

ಅಷ್ಟರಲ್ಲಿ ಸ್ಟೂಲು ಖಾಲಿಯಿದ್ದರೂ ಡ್ರಮ್ ನಡೆಯುತ್ತಿರುವುದು ಜನರ ಕಣ್ಣಿಗೆ ಬಿತ್ತು. ಈಗ ಗಲಾಟೆಯಾಗುತ್ತದೆ, ರೋಹಿದಾಸನ ಮಾನ ಹರಾಜಾಗುತ್ತದೆ ಎಂದು ಕಾದೆ. ರೋಹಿದಾಸ ಮೈಕಿನಲ್ಲಿ ಕೂಗಿದ: "ನೋಡಿ, ನಮ್ಮ ಡ್ರಮ್ ನಾಗೇಶನ ಜಾದೂ! ಒಂದ್ ಜೋರು ಚಪ್ಪಾಳೆ!"

ಮೈದಾನವೇ ಎದ್ದು ನಿಂತಿತು. ಶಿಳ್ಳೆ, ಕೇಕೆ. ಯಾರೋ ನನ್ನನ್ನು ಹೆಗಲ ಮೇಲೆ ಎತ್ತಿ ಕುಣಿಸಿದರು. ವರ್ಷಗಟ್ಟಲೆ ಬೆವರು ಸುರಿಸಿ ಬಾರಿಸಿದಾಗ ಸಿಗದ ಚಪ್ಪಾಳೆ, ಬಾರಿಸದಿದ್ದಾಗ ಸಿಕ್ಕಿತು.

ಪ್ರೋಗ್ರಾಂ ಮುಗಿದ ಮೇಲೆ ಸ್ಟೇಜಿನ ಹಿಂದೆ ರೋಹಿದಾಸನನ್ನು ಹಿಡಿದು ನಿಲ್ಲಿಸಿದೆ. "ಯಾವತ್ತಿಂದ?"

"ಪ್ಯಾಡ್ ತಂದ ದಿನದಿಂದ."

"ಬಿಟ್ ಹೋಗು ಅಂದಿದ್ರೆ ಆಗ್ತಿತ್ತಲ್ಲಾ!"

"ಬಿಡ್ಸುಕೆ ಮನಸ್ಸು ಬರ್ಲಿಲ್ಲ. ಪಾಪ ಅಂತ ಕೂರ್ಸ್ದೆ."

ಬೈದಿದ್ದರೆ ಕಪಾಳಕ್ಕೆ ಬಿಡುತ್ತಿದ್ದೆ. ಪಾಪ ಎಂದವನಿಗೆ ಏನು ಮಾಡುವುದು? ಅವನು ಗಿಟಾರನ್ನು ಚೀಲಕ್ಕೆ ಹಾಕುತ್ತ, "ಇವತ್ತಿಂದು ಜನಕ್ಕೆ ಭಾರಿ ಸೇರ್ತು. ಮುಂದಿನ ಸಲ ಹೊನ್ನಾವರದಲ್ಲೂ ಮೂರನೇ ಹಾಡಿಗೆ ಹಂಗೇ ಎದ್ದು ಇಳಿ, ಆತಾ?" ಎಂದ.

ನಾನು ಹೋಗಲಿಲ್ಲ. ಹೊನ್ನಾವರದಲ್ಲಿ ನನ್ನ ಸ್ಟೂಲಿನ ಮೇಲೆ ಅವನ ಭಾವ ಕೂತನಂತೆ. ಮೊಬೈಲ್ ಅಂಗಡಿಯವನು, ಕೋಲು ಹಿಡಿಯಲೂ ಬಾರದವನು. ಪ್ರೋಗ್ರಾಂ ಚೆನ್ನಾಗಿಯೇ ಆಯಿತಂತೆ.

ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೆ. ಜೊತೆಯವರು ನಿಮ್ಮ ಮೇಲೆ ಕೂಗಾಡುವಷ್ಟು ದಿನ ನಿಮ್ಮ ಕೆಲಸ ಅವರಿಗೆ ಬೇಕಾಗಿರುತ್ತದೆ. ಅವರು ಸುಮ್ಮನೆ ಹೂಂ ಅಂದ ದಿನ ನಿಮ್ಮ ಕಥೆ ಮುಗಿದಿರುತ್ತದೆ.

ನಡೆದದ್ದನ್ನೆಲ್ಲ ಹೆಂಡತಿಯ ಮುಂದೆ ಹೇಳಿ ಹಗುರಾಗೋಣ ಎಂದು ಒಂದು ಬೆಳಿಗ್ಗೆ ಅಡುಗೆಮನೆಗೆ ಹೋದೆ. ಹೊಸ ಡ್ರಮ್ ಬಂದ ಮೇಲೆ ಭಟ್ಕಳದಲ್ಲಿ ನಡೆದ ಪ್ರೋಗ್ರಾಂಗೆ ಅವಳೂ ಬಂದಿದ್ದಳು. ಅವತ್ತು ನನ್ನ ಬಾರಿಸುವುದರಲ್ಲಿ ಏನಾದರೂ ಬೇರೆ ಅನ್ನಿಸಿತ್ತಾ ಎಂದು ಮೊದಲು ಕೇಳಿದೆ.

ಮೀನು ಕೊಯ್ಯುತ್ತಿದ್ದವಳು ತಲೆ ಎತ್ತಿ ನಕ್ಕಳು. "ಎಂತಕೆ ಕೇಳ್ತ್ರಿ? ಅಷ್ಟು ಚಂದ ನೀವು ಯಾವತ್ತೂ ಬಾರ್ಸಿರ್ಲಿಲ್ಲ."

ಬೆನ್ನುನೋವು, ಅದಕ್ಕೇ ಬ್ಯಾಂಡ್ ಬಿಟ್ಟೆ ಎಂದು ಹೇಳಿದೆ.