ಮೋಟಾರಿಗೆ ಹೊಂಗೆ ಎಣ್ಣೆ

ಮೋಟಾರಿನ ಬಣ್ಣ ಕೆಡುವುದು ಬಿಸಿಲಿನಿಂದ ಎಂದು ಇಂದಿಗೂ ಹೇಳುವವರಿದ್ದಾರೆ. ಹೇಳಲಿ. ಬಿಸಿಲಿಗಿಂತ ಹುಳ ಹೆಚ್ಚು ಕೆಡಿಸುತ್ತದೆ, ಹುಳಕ್ಕಿಂತ ಮನುಷ್ಯರ ಮೊಂಡುತನ. ಆ ಮೊಂಡುತನಕ್ಕೆ ನನ್ನ ಹೆಸರು ಹಾಳಾಯಿತು, ಅದಕ್ಕೇ ಈ ಸಿಟ್ಟು.

ಮೂವತ್ತರ ದಶಕದ ಕೊನೆಗೆ ಶ್ರೀನಿವಾಸಪುರದ ಮಾವಿನ ತೋಟದ ಯಜಮಾನರೊಬ್ಬರ ಮನೆಯಲ್ಲಿ ನಾನು ಡ್ರೈವರ್ ಆಗಿದ್ದೆ. ಕಪ್ಪು ಮೋಟಾರು. ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಬಹುದಿತ್ತು, ನಾನು ತಿದ್ದಿಕೊಳ್ಳುತ್ತಲೂ ಇದ್ದೆ. ಬೇಸಿಗೆಯ ಸಂಜೆ ಮುಳಬಾಗಿಲಿನಿಂದ ವಾಪಸು ಬರುವಾಗ ಕೆರೆ ಏರಿಯ ಮೇಲೆ ಹುಳಗಳು ದೀಪಕ್ಕೆ ಮುತ್ತಿ, ಬಾನೆಟ್ಟಿಗೆ ಬಡಿದು ಅಪ್ಪಚ್ಚಿಯಾಗುತ್ತಿದ್ದವು. ಹಾಗೇ ಬಿಟ್ಟರೆ ಮರುದಿನದ ಬಿಸಿಲಿಗೆ ಅವುಗಳ ರಸ ಬೆಂದು ಬಣ್ಣವನ್ನು ತಿನ್ನುತ್ತದೆ. ಅದಕ್ಕೆ ಮನೆ ಸೇರಿದ ಕೂಡಲೇ ಅವುಗಳ ಮೇಲೆ ಒದ್ದೆ ಬಟ್ಟೆ ಹೊದಿಸಿ, ಚೆನ್ನಾಗಿ ನೆನೆದ ಮೇಲೆ ಉಜ್ಜದೆ ಎತ್ತುತ್ತಿದ್ದೆ. ಎರಡು ಬೇಸಿಗೆ ಕಳೆದರೂ ಒಂದು ಚುಕ್ಕೆ ಬೀಳಲಿಲ್ಲ.

ಮೂರನೆಯ ಬೇಸಿಗೆಯಲ್ಲಿ ಯಜಮಾನರ ತಾಯಿಯ ಕಣ್ಣು ಮೋಟಾರಿನ ಮೇಲೆ ಬಿತ್ತು. ಅವರನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಉಣ್ಣೆಹುಳ, ನೊಣ ಹತ್ತದಿರಲೆಂದು ಎತ್ತುಗಳಿಗೆ ಹೊಂಗೆ ಎಣ್ಣೆ ಸವರಿಸುತ್ತಿದ್ದವರು ಅವರೇ. ಎತ್ತುಗಳು ಫಳಫಳ ಎನ್ನುತ್ತಿದ್ದವು, ಸುಳ್ಳು ಹೇಳಬಾರದು.

"ಏಮಯ್ಯಾ, ದಿನಾ ನೀರು ಹಾಕ್ತೀಯಲ್ಲ, ಬಣ್ಣ ಸವೆಯಲ್ವಾ? ಎಣ್ಣೆ ಹಚ್ಚು. ಹುಳ ಹತ್ರಾನೂ ಸುಳಿಯಲ್ಲ," ಎಂದರು.

"ದೊಡ್ಡಮ್ಮ, ಎತ್ತಿನ ಮೇಲೆ ಹುಳ ತಾನಾಗಿ ಬಂದು ಕೂರುತ್ತೆ. ಇಲ್ಲಿ ನಾವೇ ಹೋಗಿ ಅದಕ್ಕೆ ಗುದ್ದುತ್ತೀವಿ. ಎಣ್ಣೆ ಇದ್ರೆ ಧೂಳಿನ ಸಮೇತ ಅಂಟ್ಕೊಳ್ಳುತ್ತೆ," ಎಂದೆ.

ಯಜಮಾನರು ಜಗುಲಿಯಿಂದಲೇ ಗದರಿದರು. "ಅಮ್ಮನಿಗೇ ಬುದ್ಧಿ ಹೇಳೋಷ್ಟು ದೊಡ್ಡೋನಾದ್ಯೇನಯ್ಯಾ? ಇನ್ಮೇಲೆ ನೀರು ಮುಟ್ಟಿಸ್ಬೇಡ. ಹೇಳಿದಷ್ಟು ಮಾಡು."

ಹಚ್ಚಿದೆ. ನನ್ನ ಕೈಯಾರೆ ಹಚ್ಚಿದೆ. ನೆನೆದರೆ ಈಗಲೂ ಮೈ ಉರಿಯುತ್ತದೆ. ಮೊದಲ ದಿನ ಮೋಟಾರು ಎತ್ತಿನ ಹಾಗೆಯೇ ಮಿರುಗಿತು, ದೊಡ್ಡಮ್ಮ ದೃಷ್ಟಿ ತೆಗೆದರು. ವಾರದೊಳಗೆ ಕೆಂಪು ಧೂಳು, ರೆಕ್ಕೆ, ಕಾಲು ಎಲ್ಲ ಸೇರಿ ರೊಟ್ಟಿಯಂತೆ ಗಟ್ಟಿಯಾಯಿತು. ಎಣ್ಣೆ ಸಾಲದೆಂದು ಇನ್ನೊಂದು ಕೈ ಹಚ್ಚಿಸಿದರು.

ಅಷ್ಟರಲ್ಲಿ ಯಜಮಾನರ ಮಗಳಿಗೆ ಮಾಲೂರಿನಲ್ಲಿ ಗಂಡು ಗೊತ್ತಾಗುವಂತಿತ್ತು. ಮಾತುಕತೆಗೆ ಹೊರಡುವ ದಿನ ದೊಡ್ಡಮ್ಮ ಮೋಟಾರಿಗೆ ಎಣ್ಣೆಸ್ನಾನ ಮುಗಿಸುವ ಹಾಗೆ ಸೀಗೆಪುಡಿ ಹಾಕಿ ತೊಳೆಸಿದರು. ಎಣ್ಣೆ ಹೋಯಿತು, ಅದರಡಿಯ ಬಣ್ಣವೂ ಹೋಗಿತ್ತು. ಬಾನೆಟ್ಟು ಸಿಡುಬು ಬಂದು ಹೋದ ಮುಖದಂತಿತ್ತು.

ಮಾಲೂರಿನಲ್ಲಿ ಗಂಡಿನ ತಂದೆ ಅದರ ಮೇಲೆ ಕೈಯಾಡಿಸಿ, "ಇದೇನು ಸ್ವಾಮಿ, ಹೊಸ ಗಾಡಿ ಹಿಂಗಾಗಿದೆ?" ಎಂದರು.

"ನಮ್ಮ ಡ್ರೈವರ್ ಸೋಮಾರಿ," ಎಂದರು ಯಜಮಾನರು, ಅಷ್ಟು ಜನರ ಮುಂದೆ. "ಹುಳ ಒರೆಸೋಕೂ ಇವನಿಗೆ ಮೈ ಬಗ್ಗಲ್ಲ."

ನೀರು ಮುಟ್ಟಿಸಬೇಡ ಎಂದ ಅದೇ ಬಾಯಿ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಜೊತೆಗೆ ಬಂದಿದ್ದ ದೊಡ್ಡಮ್ಮನ ಮುಖ ನೋಡಿದೆ. ಅವರು ಸೆರಗು ಸರಿಮಾಡಿಕೊಂಡು ಆ ಕಡೆ ತಿರುಗಿದರು. ನಾನು ಬಾಯಿ ಬಿಡಬಹುದಿತ್ತು. ಮದುವೆ ಮಾತಾಡಲು ಬಂದ ಮನೆ, ಹೆಣ್ಣುಮಗಳ ಬಾಳು ಎಂದು ನುಂಗಿಕೊಂಡೆ. ಊರಿಗೆ ಬಂದ ಮೇಲೆ ಬೀಗದ ಕೈಯನ್ನು ಜಗುಲಿಯ ಮೇಲಿಟ್ಟು ಹೊರಟೆ.

ಆ ಸೀಮೆಯಲ್ಲಿ ಆಗ ಮೋಟಾರು ಇದ್ದ ಮನೆಗಳೇ ಬೆರಳೆಣಿಕೆ. ನಾನು ಹೋಗುವ ಮೊದಲೇ ನನ್ನ ಹೆಸರು ಹೋಗಿರುತ್ತಿತ್ತು. ಕೋಲಾರದಲ್ಲಿ ಕೇಳಿದೆ, ಮುಳಬಾಗಿಲಿನಲ್ಲಿ ಕೇಳಿದೆ. "ಮೋಟಾರು ಹಾಳು ಮಾಡಿದೋನು ನೀನೇ ಅಲ್ವಾ?" ಎಂದು ಬಾಗಿಲಲ್ಲೇ ಕಳುಹಿಸಿದರು. ಕೊನೆಗೆ ನಂಗಲಿ ದಾರಿಯಲ್ಲಿ ಲಾರಿ ಓಡಿಸುವ ಕೆಲಸ ಹಿಡಿದೆ. ಲಾರಿಯ ಬಣ್ಣ ಯಾರೂ ಕೇಳುವುದಿಲ್ಲ.

ಯುದ್ಧದ ಕಾಲದಲ್ಲಿ ಒಂದು ದಿನ ನಂಗಲಿಯ ಟೀ ಅಂಗಡಿಯ ಮುಂದೆ ಅದೇ ಮೋಟಾರು ನಿಂತಿತ್ತು. ಹೊಸ ಡ್ರೈವರ್ ಬಾನೆಟ್ಟು ಸವರುತ್ತಿದ್ದ.

"ಯಾಕಪ್ಪಾ ಬಣ್ಣ ಹಿಂಗಾಗಿದೆ?" ಎಂದೆ, ಏನೂ ಗೊತ್ತಿಲ್ಲದವನಂತೆ.

"ಹಿಂದೆ ಒಬ್ಬ ಡ್ರೈವರ್ ಇದ್ನಂತಣ್ಣ, ಶುದ್ಧ ಸೋಮಾರಿ. ಹುಳ ಒರೆಸ್ತಾನೇ ಇರ್ಲಿಲ್ವಂತೆ."

"ನಿನ್ನ ಕೈಲಿ ಅದೇನು?"

"ಹೊಂಗೆ ಎಣ್ಣೆ. ದೊಡ್ಡಮ್ಮ ಕೊಡ್ತಾರೆ, ಹುಳ ಹತ್ತದೇ ಇರ್ಲಿ ಅಂತ."

"ಆ ಸೋಮಾರಿ ನಾನೇ ಕಣಯ್ಯಾ. ನನಗೂ ಇದೇ ಎಣ್ಣೆ ಕೊಡ್ತಿದ್ರು," ಎಂದೆ.

ಅವನ ಕೈ ನಿಂತಿತು. ನನ್ನ ಹೆಗಲ ಮೇಲಿನ ಟವೆಲನ್ನು ಅಂಗಡಿಯ ನೀರಿಗೆ ಅದ್ದಿ ಹಿಂಡಿ ಅವನ ಮುಂದೆ ಹಿಡಿದೆ. ಅವನು ಟವೆಲನ್ನು ನೋಡಿದ, ಎಣ್ಣೆಯ ಬಾಟಲಿಯನ್ನು ನೋಡಿದ.

"ಬೇಡಣ್ಣಾ, ಕೆಲಸ ಹೋಗುತ್ತೆ," ಎಂದು ತಲೆ ತಗ್ಗಿಸಿ ಮತ್ತೆ ಎಣ್ಣೆ ಸವರತೊಡಗಿದ.